ಅರವತ್ತಮೂರರ ಅಳತೆ

ಸೋರುವ ನೀರನ್ನು ನೋಡುತ್ತ ಕೂರುವುದು ನನಗೆ ಬಹಳ ಇಷ್ಟ. ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಕೆಲವರಿಗೆ ಇಸ್ಪೀಟು, ಕೆಲವರಿಗೆ ತಂಬಾಕು, ನನಗೆ ಸೋರಿಕೆ. ಬಾವಿಯಿಂದ ಕಬ್ಬಿಗೆ ಹೋಗುವ ನಮ್ಮ ಕರಿ ಪೈಪಿನ ಲೈನಿನಲ್ಲಿ ಎಲ್ಲೆಲ್ಲಿ ಜೋಡಣೆ ಇದೆಯೋ ಅಲ್ಲೆಲ್ಲ ಒಂದೊಂದು ಕಾರಂಜಿ ಇದೆ. ಮೋಟರು ಹಚ್ಚಿ ಬಂದು ಬದುವಿನ ಮೇಲೆ ಕೂತರೆ ನೀರು ಎಳೆಎಳೆಯಾಗಿ ಮೇಲೇಳುತ್ತದೆ, ಬಿಸಿಲು ಬಿದ್ದಾಗ ಅದರಲ್ಲಿ ಗೇಣುದ್ದದ ಕಾಮನಬಿಲ್ಲು ಮೂಡುತ್ತದೆ, ಗುಬ್ಬಿಗಳು ಬಂದು ರೆಕ್ಕೆ ನೆನೆಸಿಕೊಂಡು ಹೋಗುತ್ತವೆ. ಕಬ್ಬಿನ ಗರಿಗಳ ಸರಸರ ಸದ್ದಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಎಷ್ಟೋ ಸಲ ನಾನು ಕೂತಲ್ಲೇ ಕೃಷ್ಣೆಯ ಮೇಲೆ ತೇಲಿಕೊಂಡು ಸಮುದ್ರದ ತನಕ ಹೋಗಿ ಬಂದದ್ದುಂಟು. ಬರುವಷ್ಟರಲ್ಲಿ ನೀರು ಪಕ್ಕದವರ ಹೊಲಕ್ಕೆ ಹರಿದಿರುತ್ತದೆ. ಅವರೂ ಒಳ್ಳೆಯವರು, ಏನೂ ಅನ್ನುವುದಿಲ್ಲ.

ಈ ಕಾರಂಜಿಗಳ ಕರ್ತೃ ನಮ್ಮ ಅಣ್ಣ. ಅಲಖನೂರಿನಲ್ಲಿ ನಮ್ಮಿಬ್ಬರ ಮನೆಗಳು ಒಂದೇ ಅಂಗಳಕ್ಕೆ ಮುಖ ಮಾಡಿವೆ, ಹೊಲವೂ ಪಕ್ಕಪಕ್ಕ, ಆದ್ದರಿಂದ ಪೈಪು ಯಾರದಾದರೂ ಜೋಡಿಸುವವನು ಅವನೇ. ಕಬ್ಬಿನ ಒಣ ಗರಿ, ಅಂದರೆ ರವದಿಗೆ ಬೆಂಕಿ ಹಚ್ಚಿ, ಪೈಪಿನ ಬಾಯನ್ನು ಅದರ ಮೇಲೆ ಹಿಡಿದು, ಅದು ಮೆತ್ತಗಾದ ಕೂಡಲೇ ಇನ್ನೊಂದು ಪೈಪನ್ನು ಅದರೊಳಗೆ ಹೊಟ್ಟೆ ಕೊಟ್ಟು ತಳ್ಳುತ್ತಾನೆ. ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿಯುತ್ತಾನೆ. ಸೋರುತ್ತದಲ್ಲ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಅವನ ಪ್ರಕಾರ ಜೋಡಣೆ ಸೋರದಿದ್ದರೆ ಒಳಗೆ ನೀರೇ ಬಂದಿಲ್ಲ ಎಂದು ಅರ್ಥ.

ಹೀಗೆ ನಾನು ಕನಸು ಕಾಣುತ್ತ, ಅಣ್ಣ ತಂತಿ ಬಿಗಿಯುತ್ತ ಕಾಲ ಕಳೆಯುತ್ತಿದ್ದಾಗ ನನ್ನ ಹೆಂಡತಿ ಸುಶೀಲಾಳ ಬಲಭುಜ ಹಿಡಿದುಕೊಂಡಿತು. ಮನೆಯಲ್ಲಿ ಎರಡು ಎಮ್ಮೆ ಇವೆ. ಮುಂದಿನ ಅಂಗಳದ ತೊಟ್ಟಿಯಿಂದ ಹಿಂದಿನ ಕೊಟ್ಟಿಗೆಗೆ ದಿನಕ್ಕೆ ಮೂರು ಹೊತ್ತು ಬಕೀಟಿನಲ್ಲಿ ನೀರು ಹೊರುವವಳು ಅವಳೇ. ನೀವೇಕೆ ಹೊರುತ್ತಿರಲಿಲ್ಲ ಎಂದು ಕೇಳಬೇಡಿ. ನಾನು ಹೊತ್ತರೆ ದಾರಿಯಲ್ಲಿ ಬಕೀಟು ಇಟ್ಟು ಅದರೊಳಗಿನ ಮೋಡ ನೋಡುತ್ತ ನಿಲ್ಲುತ್ತೇನೆಂದು ಅವಳೇ ನನ್ನನ್ನು ಆ ಕೆಲಸದಿಂದ ಬಿಡಿಸಿದ್ದಳು, ನಾನೂ ಸಂತೋಷವಾಗಿಯೇ ಬಿಟ್ಟಿದ್ದೆ. ರಾಯಬಾಗದ ಡಾಕ್ಟರು ಅವಳ ಭುಜ ಒತ್ತಿ ನೋಡಿ, ಇನ್ನು ತುಂಬಿದ ಬಕೀಟು ಮುಟ್ಟಲೇಬಾರದು ಎಂದು ಹೇಳಿ ಕಳಿಸಿದರು. ಮನೆಗೆ ಬಂದವಳೇ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ತೀರ್ಪು ಕೊಟ್ಟಳು.

"ಸೋಮವಾರ ಎಮ್ಮಿ ವ್ಯಾಪಾರಿಗೆ ಬರಾಕ ಹೇಳೇನ್ರಿ. ಅಷ್ಟರಾಗ ಕೊಟ್ಟಿಗಿಗೆ ನಳ ಬಂದ್ರ ಎಮ್ಮಿ ಇರ್ತಾವ. ಇಲ್ಲಂದ್ರ ಹೊಡಕೊಂಡ ಹೋಗ್ಲಿ."

ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು. ಆದರೆ ಸಂಜೆ ನಾನು ಕೊಟ್ಟಿಗೆಯ ಕಡೆ ಹೋದಾಗ ಅವಳು ದೊಡ್ಡ ಎಮ್ಮೆಯ ಕುತ್ತಿಗೆಗೆ ಹಣೆ ಹಚ್ಚಿ ನಿಂತಿದ್ದಳು. ಎರಡನ್ನೂ ಕರುವಾಗಿದ್ದಾಗಿನಿಂದ ಸಾಕಿದವಳು. ಅಂದು ಶುಕ್ರವಾರ. ನಳದ ಮಾತನ್ನು ನಾನು ಮದುವೆಯಾದ ವರ್ಷದಿಂದ ಆಡುತ್ತ ಬಂದಿದ್ದೇನೆ. ಕೊಟ್ಟಿಗೆಯ ಬೆನ್ನಿಗೇ ಕಬ್ಬಿನ ಪೈಪು ಹಾದು ಹೋಗುತ್ತದೆ, ಅಲ್ಲೊಂದು ಕವಲು ತೆಗೆದು ನಳ ಕೂರಿಸಿದರೆ ಮುಗಿಯಿತು ಎಂದು ಎಷ್ಟು ಸಲ ಹೇಳಿದ್ದೇನೋ. ಮನಸ್ಸಿನಲ್ಲಂತೂ ಆ ನಳ ಎಂದೋ ಬಂದು ಹಳೆಯದಾಗಿ ಹೋಗಿತ್ತು.

ಅಣ್ಣ ರವದಿ ಹೊತ್ತು ತಂದ. ನಾನು ಬೇಡ ಎಂದೆ. ಕಾರಂಜಿ ಹೊಲಕ್ಕೆ ಚಂದ, ಕೊಟ್ಟಿಗೆಯಲ್ಲಿ ಎಮ್ಮೆಗಳು ಕೆಸರಲ್ಲಿ ನಿಲ್ಲುತ್ತವೆ. ಈಗ ಕಂಪ್ರೆಷನ್ ಫಿಟಿಂಗ್ ಎಂಬುದು ಬಂದಿದೆ, ಬೆಂಕಿ ಬೇಡ, ಅಂಟು ಬೇಡ, ಪೈಪನ್ನು ಒಳಗೆ ತೂರಿಸಿ ನಟ್ಟು ತಿರುಗಿಸಿದರೆ ಒಳಗಿನ ಉಂಗುರ ತಾನೇ ಪೈಪನ್ನು ಹಿಡಿದುಕೊಳ್ಳುತ್ತದೆ ಎಂದು ದ್ರಾಕ್ಷಿ ತೋಟದವರು ಹೇಳುವುದನ್ನು ಕೇಳಿದ್ದೆ. ಬೇಡವಾದರೆ ಬಿಚ್ಚಿಯೂ ತೆಗೆಯಬಹುದಂತೆ. ತಪ್ಪು ಮಾಡಿದರೆ ಬಿಚ್ಚಬಹುದು ಎಂಬ ಮಾತು ನನ್ನಂಥವನಿಗೆ ಎಷ್ಟು ಸಮಾಧಾನ ಕೊಡುತ್ತದೆ, ನೀವೇ ಊಹಿಸಿಕೊಳ್ಳಿ. ಅಣ್ಣ ಮಾತ್ರ ಬೇಜಾರು ಮಾಡಿಕೊಂಡು ರವದಿಯನ್ನು ವಾಪಸು ಹೊತ್ತುಕೊಂಡು ಹೋದ.

ಶನಿವಾರ ಕುಡಚಿಗೆ ಹೋದೆ. ಬಾಬುಸಾಬನ ಪೈಪಿನ ಅಂಗಡಿಯ ಗೋಡೆಯ ತುಂಬ ಫಿಟಿಂಗುಗಳನ್ನು ಮೊಳೆಗೆ ತೂಗುಹಾಕಿದ್ದರು. ಕರಿ ಮೈ, ನೀಲಿ ನಟ್ಟು. ಮೂಲೆಗೆ ತಿರುಗುವವು ಕೆಲವು, ನೆಟ್ಟಗೆ ನೋಡುವವು ಕೆಲವು, ಮೂರು ಬಾಯಿಯ ಟೀಗಳು ಕೆಲವು. ಬಾಗಿಲಿನಿಂದ ಬಿಸಿಲು ಬಂದು ಆ ನೀಲಿಯ ಮೇಲೆ ಬಿದ್ದಿತ್ತು. ಹೊರಗೆ ಸ್ಟೇಷನ್ನಿನಲ್ಲಿ ರೈಲೊಂದು ಉದ್ದಕ್ಕೆ ಕೂಗಿತು. ಈ ಎಲ್ಲ ಬಾಯಿಗಳಿಗೂ ಒಂದೊಂದು ಪೈಪು ಹಚ್ಚುತ್ತ ಹೋದರೆ ನೀರು ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂದು ಯೋಚಿಸುತ್ತ ನಿಂತೆ. ನನ್ನ ನೀರು ಜುಗೂಳ ದಾಟಿ, ಗಡಿಯನ್ನೂ ದಾಟಿ ಹರಿಯತೊಡಗಿತ್ತು. ಬಾಬುಸಾಬ ಎರಡನೆಯ ಸಲ ಅಳತೆ ಕೇಳಿದಾಗ ಎಚ್ಚರವಾಯಿತು. ನಮ್ಮ ಪೈಪಿಗೆ ಊರೆಲ್ಲ ಎರಡು ಇಂಚು ಎನ್ನುತ್ತಾರೆ. ಅವನ ಗೋಡೆಯ ಮೇಲೆ ನೋಡಿದರೆ ಇಂಚಿಲ್ಲ, ಬರೀ ಎಂಎಂ. ನಾನು ಬಿ.ಎ. ಓದಿದವನು. ಒಂದು ಇಂಚಿಗೆ ಇಪ್ಪತ್ತೈದು, ಎರಡಕ್ಕೆ ಐವತ್ತು ಎಂದು ನಿಂತಲ್ಲೇ ಲೆಕ್ಕ ಹಾಕಿ, ಐವತ್ತರ ಟೀ ಕೊಡು ಎಂದೆ. ಕರಿ ಪೈಪೇ ಹೌದಲ್ಲರಿ ಎಂದು ಅವನು ಅನುಮಾನಿಸಿದ. ಓದಿದವನ ಮುಂದೆ ಅನುಮಾನವೇ ಎಂದು ನಾನು ನಕ್ಕೆ.

ಮನೆಗೆ ಬಂದವನು ಮೊದಲು ಮಾಡಿದ ಕೆಲಸ ಪೈಪು ಕತ್ತರಿಸಿದ್ದು. ಫಿಟಿಂಗು ಹೊಂದುತ್ತದೋ ಇಲ್ಲವೋ ನೋಡಿ ಆಮೇಲೆ ಕತ್ತರಿಸುವುದು ಲೋಕರೂಢಿ ಎಂದು ಈಗ ಗೊತ್ತಾಗಿದೆ. ಗರಗಸ ಆಡುವಾಗ ಏನು ಹುರುಪು! ಕತ್ತರಿಸಿ ಮುಗಿಸಿ ಟೀಯನ್ನು ಹಿಡಿದು ನೋಡಿದರೆ, ಪೈಪಿನ ಮುಂದೆ ಅದರ ಬಾಯಿ ಸಣ್ಣ ಮಗುವಿನ ಬಾಯಿಯ ಹಾಗೆ ಕಂಡಿತು. ತಿರುಗಿಸಿದೆ, ಸೋಪು ಹಚ್ಚಿದೆ, ಬೈದೆ. ಪೈಪು ಒಳಗೆ ಹೋಗಲು ಒಪ್ಪಲಿಲ್ಲ. ಈಗ ಕೊಟ್ಟಿಗೆಗೆ ನಳವೂ ಇಲ್ಲ, ಕಬ್ಬಿಗೆ ನೀರೂ ಇಲ್ಲ, ಎರಡು ಕರಿ ಬಾಯಿಗಳು ನೆಲದಿಂದ ಮೇಲೆದ್ದು ನನ್ನನ್ನೇ ನೋಡುತ್ತಿದ್ದವು. ಅಣ್ಣ ತನ್ನ ಹಿತ್ತಿಲ ಕಟ್ಟೆಯ ಮೇಲೆ ಕೂತು ನೋಡಿದ. ರವದಿಯ ಹೊರೆಯನ್ನು ಕಾಲಿನಿಂದ ಸ್ವಲ್ಪ ನನ್ನ ಕಡೆ ಸರಿಸಿದ, ಅಷ್ಟೇ.

ಸುಶೀಲಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಳತೆಯ ಟೇಪು ಎಲ್ಲಿ ಎಂದಳು. ಅಣ್ಣ ಒಯ್ದು ತಿಂಗಳಾಯಿತು, ಅವನು ಎಲ್ಲಿಟ್ಟನೋ ಅವನಿಗೇ ನೆನಪಿಲ್ಲ ಎಂದೆ. ಅವಳು ಎರಡು ಗಳಿಗೆ ಪೈಪನ್ನು ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಸೋಪನ್ನೇ ಇಸಿದುಕೊಂಡು, ಕೈಗೆ ಹಚ್ಚಿ, ಒಂದು ಹಸಿರು ಗಾಜಿನ ಬಳೆಯನ್ನು ಮೆಲ್ಲಗೆ ಕಳಚಿ ಪೈಪಿನ ಬಾಯಿಗೆ ಹಿಡಿದಳು. ಬಳೆ ಸರ್ರನೆ ಏರಿ ಕೂತಿತು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

"ಇದನ್ನ ಒಯ್ದು ತೋರಸ್ರಿ. ಬಾಯಿಲೇ ಲೆಕ್ಕ ಮಾಡಬ್ಯಾಡ್ರಿ" ಎಂದಳು.

ಪೈಪಿನದೇ ಒಂದು ತುಂಡು ಕೊಯ್ದು ಒಯ್ಯಬಹುದಿತ್ತಲ್ಲ ಎಂದು ನಿಮಗೆ ಹೊಳೆದಿರುತ್ತದೆ. ನಿಮಗೆ ಹೊಳೆಯುತ್ತದೆ. ನನಗೆ ಅಂದೇ ಮತ್ತೆ ಹೊರಟು ಕುಡಚಿಯ ಸೇತುವೆಯ ಹತ್ತಿರ ಹೋದ ಮೇಲೆ ಹೊಳೆಯಿತು, ಅಷ್ಟರಲ್ಲಿ ನದಿ ಕಂಡು ಮರೆತೂ ಹೋಯಿತು. ಬಳೆಯನ್ನು ಕರ್ಚೀಫಿನಲ್ಲಿ ಸುತ್ತಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಬಾಬುಸಾಬ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ತನ್ನಲ್ಲಿದ್ದ ಪೈಪಿನ ತುಂಡುಗಳಿಗೆ ಒಂದೊಂದಾಗಿ ಹಾಕಿ ನೋಡಿದ. ಐವತ್ತರ ಮೇಲೆ ಬಳೆ ಗಲಗಲ ಆಡಿತು, ಎಪ್ಪತ್ತೈದಕ್ಕೆ ಏರಲೇ ಇಲ್ಲ, ಅರವತ್ತಮೂರಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಕರಿ ಪೈಪಿನಲ್ಲಿ ಎರಡು ಇಂಚು ಎಂದರೆ ಅರವತ್ತಮೂರೇ, ಅದನ್ನು ಗುಣಿಸಲು ಹೋಗಬಾರದು, ಹಾಗೆ ಕರೆಯುತ್ತಾರೆ ಅಷ್ಟೇ ಎಂದು ಸಣ್ಣ ದನಿಯಲ್ಲಿ ತಿಳಿಸಿದ. ಸಣ್ಣ ದನಿ ಯಾಕೆಂದರೆ ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಫಿಟಿಂಗು ಕೂರಿಸುವ ಬಗೆಯನ್ನೂ ಹೇಳಿಕೊಟ್ಟ. ಪೈಪಿನ ತುದಿ ಓರೆಯಾಗಿರಬಾರದು, ಅಂಚನ್ನು ಕಾನಸು ಎಂಬ ಅರದಿಂದ ಸ್ವಲ್ಪ ಉಜ್ಜಬೇಕು, ಮೊದಲು ನಟ್ಟನ್ನು, ಆಮೇಲೆ ಸೀಳು ಇರುವ ಬಿಳಿ ಉಂಗುರವನ್ನು ಪೈಪಿಗೆ ತೊಡಿಸಬೇಕು, ಸೋಪಿನ ನೀರು ಹಚ್ಚಿ ಪೈಪನ್ನು ತಳ ಮುಟ್ಟುವ ತನಕ ಒಳಗೆ ತಳ್ಳಬೇಕು, ನಟ್ಟನ್ನು ಕೈಯಿಂದಲೇ ತಿರುಗಿಸಿ ಕಡೆಗೆ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಸ್ವಲ್ಪ ಬಿಗಿದರೆ ಸಾಕು. ಹೆಚ್ಚು ಜನ ನಟ್ಟು ತೊಡಿಸುವುದನ್ನೇ ಮರೆತು ಪೈಪು ತೂರಿಸುತ್ತಾರಂತೆ. ನಾನು ಅಂಥವನಲ್ಲ ಎಂದು ಭರವಸೆ ಕೊಟ್ಟು ಬಂದೆ.

ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಕೂತೆ. ಮೂರು ಗಂಟೆಗೆ ತ್ರೀಫೇಸ್ ಕರೆಂಟು ಬರುವುದಿತ್ತು. ಬಳೆ ನೆಲದ ಮೇಲಿದ್ದರೆ ಯಾರಾದರೂ ತುಳಿದಾರೆಂದು ಅದನ್ನು ಒಂದು ಪೈಪಿನ ತುದಿಗೆ ತೊಡಿಸಿ ಬುಡದ ತನಕ ಸರಿಸಿ ಇಟ್ಟೆ. ನಟ್ಟು ತೊಡಿಸಿದೆ, ಉಂಗುರ ತೊಡಿಸಿದೆ, ಎಲ್ಲ ಸರದಿಯ ಪ್ರಕಾರ. ಗಾಳಿ ತಣ್ಣಗಿತ್ತು. ಎಮ್ಮೆಗಳು ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿದ್ದವು. ನಟ್ಟು ತಿರುಗುತ್ತ ತಿರುಗುತ್ತ ನನಗೆ ಮುಂದಿನದೆಲ್ಲ ಕಾಣತೊಡಗಿತು. ಸುಶೀಲಾ ಬೆಳಿಗ್ಗೆ ಎದ್ದು ಬರುತ್ತಾಳೆ, ಎರಡು ಬೆರಳಿನಿಂದ ನಳ ತಿರುಗಿಸುತ್ತಾಳೆ, ನೀರು ಧೋ ಎಂದು ಬೀಳುತ್ತದೆ, ಎಮ್ಮೆಗಳು ಮೂತಿ ಇಳಿಸುತ್ತವೆ, ಅವಳು ಸುಮ್ಮನೆ ನಿಂತಿರುತ್ತಾಳೆ. ಅವಳು ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದೇ ಇಲ್ಲ ಎಂದು ಆಗ ಅನಿಸಿತು. ಆ ಕನಸಿನಲ್ಲಿ ಬಹಳ ಹೊತ್ತು ಇದ್ದೆನೆಂದು ಕಾಣುತ್ತದೆ. ಕಣ್ಣು ಬಿಟ್ಟರೆ ಟೀ ಕೂತಿತ್ತು, ಎರಡೂ ನಟ್ಟು ಬಿಗಿಯಾಗಿದ್ದವು, ನಳವೂ ಬಂದಿತ್ತು.

ಕರೆಂಟು ಬಂತು. ಅಣ್ಣನೇ ಹೋಗಿ ಮೋಟರು ಹಚ್ಚಿದ, ಸೋರುವುದನ್ನು ನೋಡಲು ಓಡಿ ಬಂದ. ಪೈಪು ಒಂದು ಸಲ ನಡುಗಿತು. ನಾವು ಮೂವರೂ ಬಗ್ಗಿ ನೋಡಿದೆವು. ಒಂದು ಹನಿ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸ್ವಲ್ಪ ನಿರಾಸೆಯೇ ಆಯಿತು. ಸುಶೀಲಾ ನಳ ತಿರುಗಿಸಿದಳು. ನೀರು ಬಿತ್ತು. ದೊಡ್ಡ ಎಮ್ಮೆ ಮೂಸಿ ನೋಡಿ, ಇದೂ ನೀರೇ ಎಂದು ಖಾತ್ರಿ ಮಾಡಿಕೊಂಡು ಕುಡಿಯಿತು. ಆಗ ಅಣ್ಣ ಬೆರಳು ಮಾಡಿ ತೋರಿಸಿದ. ಟೀಗೂ ನೆಲಕ್ಕೂ ನಡುವೆ, ಕರಿ ಪೈಪಿನ ಮೇಲೆ, ಹಸಿರು ಬಳೆ ಕೂತಿತ್ತು.

ಒಂದು ಕಡೆ ಟೀ, ಇನ್ನೊಂದು ಕಡೆ ಪೈಪು ಮಣ್ಣಿನೊಳಗೆ ಹೋಗಿದೆ. ಬಳೆ ಹೊರಗೆ ಬರಬೇಕಾದರೆ ಜೋಡಣೆ ಬಿಚ್ಚಬೇಕು, ಇಲ್ಲ ಬಳೆಯನ್ನು ಒಡೆಯಬೇಕು. ಮುತ್ತೈದೆಯ ಬಳೆ. ತಾನಾಗಿ ಒಡೆದರೂ ನಮ್ಮ ಕಡೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಇನ್ನು ಬೇಕೆಂದೇ ಸುತ್ತಿಗೆ ತರುವುದೆಂದರೆ ಗಂಡನಾದ ನನಗೇ ಮೈ ಜುಮ್ಮೆಂದಿತು, ಅದರ ಲಾಭ ನಷ್ಟವೆಲ್ಲ ನನ್ನದೇ ತಾನೆ. ಬಿಚ್ಚೋಣವೆಂದರೆ ಕೈ ಬರಲೊಲ್ಲದು. ಮೊದಲನೆಯ ಸಲ ಕನಸಿನಲ್ಲಿ ಕೂತ ಜೋಡಣೆ ಎಚ್ಚರದಲ್ಲಿ ಮತ್ತೆ ಕೂರುತ್ತದೆಂದು ಯಾರು ಹೇಳಬೇಕು? ಬೆಳಗಾದರೆ ವ್ಯಾಪಾರಿ ಬರುತ್ತಾನೆ. ಆದರೂ ಅವಳ ಬಳೆ. ನಾನು ಪಾನಾ ಎತ್ತಿಕೊಂಡೆ. ಸುಶೀಲಾ ನನ್ನ ಕೈ ಹಿಡಿದಳು.

"ಇರ್ಲಿ ಬಿಡ್ರಿ. ಇಪ್ಪತ್ತೆಂಟ ವರ್ಷ ನಾ ನೀರ ಹೊತ್ತೆ. ಇನ್ನ ಮುಂದ ಈ ಪೈಪ ಹೊರತೈತಿ. ಬಳಿನೂ ಅದs ಇಟ್ಕೊಳ್ಳಲಿ."

ಅಣ್ಣ ಮೋಟರಿನ ಕಡೆ ಹೋದ. ನಾನು ಮತ್ತೊಂದು ಸಲ ಜೋಡಣೆ ಸೋರುತ್ತದೋ ಎಂದು ನೋಡಿದೆ. ಕಣ್ಣು ಮಂಜಾಗಿದ್ದರಿಂದ ಸರಿಯಾಗಿ ಕಾಣಲಿಲ್ಲ. ಮರುದಿನ ವ್ಯಾಪಾರಿ ಬಂದ, ಚಹಾ ಕುಡಿದ, ಎಮ್ಮೆಗಳ ಬದಲು ನಳವನ್ನು ಸುತ್ತು ಹಾಕಿ ನೋಡಿ, ಪೈಪಿಗೆ ಬಳೆ ಯಾಕೆ ಎಂದು ಕೇಳದೆ ಮರ್ಯಾದೆಯಿಂದ ಎದ್ದುಹೋದ.

ಅವಳ ಕೈ ಒಂದು ಬಳೆ ಕಡಿಮೆಯಾಗಿ ಬರಿದು ಬರಿದು ಕಾಣುತ್ತಿತ್ತು. ಯಾರೂ ಹೇಳದೆ ನಾನೇ ಬುಧವಾರ ಕುಡಚಿಯ ಬಳೆ ಅಂಗಡಿಗೆ ಹೋದೆ. ಒಂದಲ್ಲ, ಎರಡೂ ಕೈ ತುಂಬ ಹಸಿರು ಬಳೆ ಬೇಕೆಂದೆ. ಅಂಗಡಿಯಲ್ಲಿದ್ದ ವಯಸ್ಸಾದ ಹೆಂಗಸು ಅಳತೆ ಕೇಳಿದಳು. ಅರವತ್ತಮೂರು ಎಂದೆ. ಇಲ್ಲಿ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಇವೇ ಅಳತೆಗಳು, ಅರವತ್ತಮೂರನ್ನು ತಾನು ಕೇಳೇ ಇಲ್ಲ ಎಂದಳು. ಫೋನು ಮಾಡಿ ಸುಶೀಲಾಳನ್ನೇ ಕೇಳಬಹುದಿತ್ತು. ಇಷ್ಟು ವರ್ಷದ ಮೇಲೆ ಯಾವ ಬಾಯಿಂದ ಕೇಳಲಿ? ಮೆಲ್ಲಗೆ ಹೊರಬಿದ್ದು, ಬಾಬುಸಾಬನ ಅಂಗಡಿಯಿಂದ ಮೊಳದುದ್ದದ ಕರಿ ಪೈಪಿನ ತುಂಡನ್ನು ಕಡ ತಂದು, ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಒಂದೊಂದೇ ಬಳೆ ತೊಡಿಸಿ ನೋಡತೊಡಗಿದೆ. ಎರಡು-ಎಂಟು ಹಿಡಿಯಿತು. ಬಳೆ ಇಡಿಸಿಕೊಳ್ಳಲು ಬಂದಿದ್ದ ಹೆಂಗಸರೆಲ್ಲ ಕೈ ಚಾಚಿದ್ದನ್ನು ಮರೆತು ನನ್ನ ಕಡೆ ತಿರುಗಿದ್ದರು.

"ಇದು ಯಾರ ಕೈರಿ?" ಎಂದು ಅಂಗಡಿಯವಳು ಕೇಳಿದಳು.

ತಲೆ ಎತ್ತದೆ, "ನಮ್ಮ ಮನಿಯವರದರಿ" ಎಂದೆ.