ತಮಗೆ ಹೇಳದ ಮಾತನ್ನು ಪಾಲಿಸಿದ ಡಿಕೋಡರ್ ಸಾಹೇಬರಿಗೆ

ಎಕ್ಸ್‌ಪ್ರೆಸ್ ಎಂಜಿನಿನ ಹೊಟ್ಟೆಯೊಳಗೆ ಸುಖಾಸೀನರಾಗಿರುವ ಮಾನ್ಯ ಡಿಕೋಡರ್ ಸಾಹೇಬರೇ,

ಹೆಬ್ಬೆರಳಿನ ಉಗುರಿನಷ್ಟೇ ಇದ್ದರೂ, ಹಳಿಯಲ್ಲಿ ಹರಿದು ಬರುವ ಆಜ್ಞೆಗಳನ್ನು ಆಲಿಸಿ, ಮೋಟರು ಎಷ್ಟು ತಿರುಗಬೇಕೆಂದು ತೀರ್ಮಾನಿಸುವ ತಮ್ಮ ಸನ್ನಿಧಾನಕ್ಕೆ, ಆಟಿಕೆ ರೈಲು ಸಂಘದ (ಕ್ಷಮಿಸಿ, ‘ಆಟಿಕೆ’ ಎಂದರೆ ಹಿರಿಯರು ಮುಖ ಸಿಂಡರಿಸುತ್ತಾರೆ, ‘ಮಾದರಿ’ ರೈಲು ಸಂಘದ) ಅತಿ ಕಿರಿಯ ಸದಸ್ಯನಾದ ನನ್ನ ಸವಿನಯ ವಂದನೆಗಳು. ತಮ್ಮ ಮುಚ್ಚಳ ಬಿಚ್ಚಿ ಖುದ್ದಾಗಿ ಅರಿಕೆ ಮಾಡಿಕೊಳ್ಳಬಹುದಿತ್ತು. ಆದರೆ ಸಂಘದ ನಿಯಂತ್ರಣ ಡಬ್ಬಿಯನ್ನೂ ಎಂಜಿನುಗಳನ್ನೂ ನಾನು ಆರು ತಿಂಗಳು ಮುಟ್ಟಕೂಡದು, ಮೂರಡಿ ದೂರ ನಿಲ್ಲಬೇಕೆಂದು ಠರಾವಾಗಿರುವುದರಿಂದ, ಈ ದೂರನ್ನು ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ತಮಗೆ ತಿಳಿದಿರುವಂತೆ, ನನ್ನ ದೊಡ್ಡಮ್ಮ ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದವರು. ರೈಲು ಎಷ್ಟು ಜೋರಾಗಿ ಓಡುತ್ತದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಆಸಕ್ತಿಯಿಲ್ಲ. ಹೇಗೆ ಹೊರಡುತ್ತದೆ ಎಂಬುದಷ್ಟೇ ಮುಖ್ಯ. ನಾಲ್ಕು ವರ್ಷ ಕೂತು ಅವರು ಕಟ್ಟಿದ ಗೂಡ್ಸ್ ರೈಲಿನ ಎಂಜಿನ್ ಮಾತ್ರ, ಗುಂಡಿ ತಿರುಗಿಸಿದ ಕೂಡಲೇ ಬಾಲ ತುಳಿಸಿಕೊಂಡ ಬೆಕ್ಕಿನಂತೆ ನೆಗೆಯುತ್ತಿತ್ತು. ಶನಿವಾರದ ತಾಲೀಮಿನಲ್ಲಿ ಅದು ನೆಗೆದ ರಭಸಕ್ಕೆ ಕೊನೆಯ ಎರಡು ಬೋಗಿಗಳು ರಟ್ಟಿನ ಅಂಚೆಕಚೇರಿಯ ಮೇಲೆ ಮಲಗಿದವು. ಆಗ ತಮ್ಮ ಮಾಲೀಕರೂ ಸಂಘದ ಕಾರ್ಯದರ್ಶಿಗಳೂ ಆದ ದಂತವೈದ್ಯರು, ಹಲ್ಲು ಕೀಳುವ ಮುಂಚೆ ಬಳಸುವ ಆ ಮೃದುವಾದ ದನಿಯಲ್ಲಿ, “ಮೇಡಂ, ನಾಳೆ ಪ್ರದರ್ಶನದಲ್ಲಿ ಇನ್ನೊಂದ್ಸಲ ನೆಗೆದ್ರೆ ಇದನ್ನ ಗಾಜಿನ ಕಪಾಟಲ್ಲೇ ಇಟ್ಬಿಡೋಣ, ಅಲ್ಲಿ ಚೆನ್ನಾಗಿ ಕಾಣುತ್ತೆ,” ಎಂದರು. ದೊಡ್ಡಮ್ಮ ಬೋಗಿಗಳನ್ನು ಎತ್ತಿ ನಿಲ್ಲಿಸಿ, ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಎಲ್ಲರೂ ಚಹಾಕ್ಕೆ ಹೋದಾಗ ನಾನು ನಿಯಂತ್ರಣ ಡಬ್ಬಿ ಹಿಡಿದೆ. ಗೂಡ್ಸ್ ಎಂಜಿನಿನ ಡಿಕೋಡರಿನಲ್ಲಿ ಬದಲಿಸಬೇಕಾದದ್ದು ಮೂರೇ ಅಂಕಿ: ಮೊದಲ ನೂಕಿಗೆ ಎಷ್ಟು ವಿದ್ಯುತ್, ವೇಗ ಏರುವುದು ಎಷ್ಟು ನಿಧಾನ, ಗರಿಷ್ಠ ವೇಗ ಯಾವುದು. ದೊಡ್ಡಮ್ಮ ಚಹಾಕ್ಕೆ ಹೋಗುವ ಮುಂಚೆ ಪಕ್ಕದಲ್ಲಿ ನಿಂತು, “ಬಾಗಿಲ ಹತ್ರ ಒಬ್ಬಳು ಅಜ್ಜಿ ಕಂಬಿ ಹಿಡ್ಕೊಳ್ದೆ ನಿಂತಿದಾಳೆ ಅಂದ್ಕೊಂಡು ಹೊರಡ್ಸೋ,” ಎಂದಿದ್ದರು. ಆ ಅಜ್ಜಿಯ ಲೆಕ್ಕಕ್ಕೇ ಮೂರೂ ಅಂಕಿ ಹಾಕಿದೆ. ಈ ಅಂಕಿಗಳನ್ನು ಬರೆಯುವಾಗ ಡಬ್ಬಿ ಯಾರನ್ನೂ ಹೆಸರಿಟ್ಟು ಕರೆಯುವುದಿಲ್ಲ, ಹಳಿಯ ಮೇಲಿದ್ದವರಿಗೆಲ್ಲ ಒಟ್ಟಿಗೆ ಸಾರುತ್ತದೆ. ಆದ್ದರಿಂದ ಉಳಿದ ಎಂಜಿನುಗಳನ್ನು ಮೊದಲು ಎತ್ತಿಡಬೇಕೆಂಬ ನಿಯಮ ಗೋಡೆಯ ಮೇಲೆ ಕೆಂಪಕ್ಷರದಲ್ಲಿದೆ. ತಾವೂ ತಮ್ಮ ಮೂವರು ಸಹೋದ್ಯೋಗಿಗಳೂ ಹಳಿಯ ಮೇಲೆ ಅಷ್ಟು ನೆಮ್ಮದಿಯಾಗಿ ನಿಂತಿದ್ದಿರಿ, ಎಬ್ಬಿಸಲು ಮನಸ್ಸು ಬರಲಿಲ್ಲ. ಇದನ್ನು ಸೋಮಾರಿತನ ಎನ್ನುವವರು ಎನ್ನಲಿ.

ಈಗ ನನ್ನ ದೂರು. ಮಾನ್ಯರೇ, ಅನ್ಯರಿಗೆ ಹೇಳಿದ ಮಾತಿಗೆ ಕಿವಿಗೊಡುವುದು ತಮ್ಮಂಥ ಮನೆತನಸ್ಥರಿಗೆ ಶೋಭೆಯೇ? ಹದಿನೆಂಟು ಸೆಕೆಂಡಿನಲ್ಲಿ ಇಡೀ ಸಭಾಂಗಣ ಸುತ್ತುವ ತಾವು, ಯಾರೋ ಪಿಸುಗುಟ್ಟಿದರೆಂದು ಗೂಡ್ಸ್ ರೈಲಿನ ವ್ರತ ಹಿಡಿದುಬಿಡುವುದೇ? ಭಾನುವಾರ ದಂತವೈದ್ಯರು ಜನರನ್ನು ಕಣ್ಣು ಮಿಟುಕಿಸಬೇಡಿ ಎಂದು ಎಚ್ಚರಿಸಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಾಗ, ತಾವು ಅಲುಗಲಿಲ್ಲ. ಅವರು ತಂತಿ ಕಿತ್ತಿದೆಯೇ ಎಂದು ಬಗ್ಗಿ ಮೇಜಿನಡಿ ತಲೆ ಹಾಕಿದ ಮೇಲೆ, ಯಾರಿಗೂ ಗೊತ್ತಾಗದಂತೆ, ತುಂಬು ಗರ್ಭಿಣಿಯ ಗಾಂಭೀರ್ಯದಿಂದ ಹೊರಟಿರಿ. ಜನ ಕಣ್ಣು ಮಿಟುಕಿಸಿದರು, ಆಕಳಿಸಿದರು, ಒಬ್ಬಾತ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. ತಾವಿನ್ನೂ ಮೊದಲ ಸುರಂಗದಲ್ಲೇ ಇದ್ದಿರಿ. ಅತ್ತ ದೊಡ್ಡಮ್ಮನ ರೈಲು ಹನ್ನೆರಡು ಬೋಗಿ ಎಳೆದುಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು.

ಸಂಜೆಯ ತುರ್ತುಸಭೆಯಲ್ಲಿ ದಂತವೈದ್ಯರ ದನಿ ಮೃದುವಾಗಿರಲಿಲ್ಲ. ಸ್ವಂತ ರೈಲು ನೆಟ್ಟಗೆ ಕಾಣಲೆಂದು ದೊಡ್ಡಮ್ಮನೇ ಎಲ್ಲರ ಎಂಜಿನ್ ಕೆಡಿಸಿದ್ದಾರೆ, ಅವರ ರೈಲನ್ನು ಪ್ರದರ್ಶನದ ಪಟ್ಟಿಯಿಂದ ಶಾಶ್ವತವಾಗಿ ತೆಗೆಯಬೇಕು ಎಂದರು. ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೊಂದು ಕಥೆ ಕಟ್ಟುತ್ತಿದ್ದೆ, ನೋಡದಿದ್ದದ್ದಕ್ಕೆ ಎದ್ದು ನಿಂತು, “ಡಾಕ್ಟ್ರೇ, ಅಂಕಿ ಹಾಕಿದ್ದು ನಾನು. ಬಾಕಿ ಎಂಜಿನ್ ಎತ್ತಿಡ್ಲಿಲ್ಲ,” ಎಂದೆ. ದೊಡ್ಡಮ್ಮನ ರೈಲು ಪಟ್ಟಿಯಲ್ಲಿ ಉಳಿಯಿತು. ನಾನು ಪ್ರೇಕ್ಷಕನಾದೆ. ಮನೆಗೆ ಹೋಗುವಾಗ ದೊಡ್ಡಮ್ಮ ಹೇಳಿದ್ದು ಇಷ್ಟೇ: “ಕೆಂಪಕ್ಷರ ಓದೋಕೆ ಬರುತ್ತೆ ತಾನೇ? ಆದ್ರೆ ಅಜ್ಜಿ ಬೀಳ್ಲಿಲ್ಲ ಕಣೋ.”

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಮುಂದೆ ಯಾವುದೇ ಅಂಕಿ ಬಂದಾಗ ಅದು ಯಾರಿಗೆ ಬಂದದ್ದೆಂದು ವಿಚಾರಿಸಿ, ರಸೀದಿ ಕೊಟ್ಟು, ಮೂರು ದಿನ ಯೋಚಿಸಿ ಸ್ವೀಕರಿಸಬೇಕು. ಜೊತೆಗೆ ಮುಂದಿನ ಸಭೆಗೆ ಖುದ್ದಾಗಿ ಹಾಜರಾಗಿ, ನನ್ನ ಶಿಕ್ಷೆಯಲ್ಲಿ ಅರ್ಧವನ್ನು ತಾವು ವಹಿಸಿಕೊಳ್ಳಬೇಕು.

ಇಂತಿ, ಠರಾವಿನ ಪ್ರಕಾರ ಮೂರಡಿ ದೂರದಿಂದಲೇ
ತಮ್ಮ ವಿಶ್ವಾಸಿ

ತಾ.ಕ.: ತಮ್ಮ ಹಳೆಯ ಅಂಕಿಗಳನ್ನು ವಾಪಸ್ ಹಾಕಲು ಎರಡು ನಿಮಿಷ ಸಾಕು. ಮೂರು ಭಾನುವಾರ ಕಳೆದರೂ ದಂತವೈದ್ಯರು ಹಾಕಿಲ್ಲ. ಮೊನ್ನೆ ಯಾರೂ ಇಲ್ಲವೆಂದುಕೊಂಡು, ತಮ್ಮನ್ನು ಮೆಲ್ಲಗೆ ಓಡಲು ಬಿಟ್ಟು, ಕುರ್ಚಿ ಎಳೆದು ಕೂತು, ತಮ್ಮ ಬೋಗಿಗಳ ಕಿಟಕಿಗಳಲ್ಲಿರುವ ಪುಟ್ಟ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ನಾನು ಮೂರಡಿ ದೂರದಲ್ಲೇ ಇದ್ದೆ.