ಹೆಳವನ ಹೊತ್ತಿಗೆಯಲ್ಲಿ ಇಲ್ಲದ ಕಣ್ಣು

ನಿಶ್ಚಯದ ದಿನ ಹೆಣ್ಣಿಗೆ ಹಸಿರು ಸೀರೆ ಕೊಡಬೇಕು. ಕಲ್ಲೋಳಿಯ ಮುರಿಗೆಪ್ಪ ಗೋಕಾಕದ ಪೇಟೆಯಲ್ಲಿ ಅರ್ಧ ದಿನ ತಿರುಗಿ, ಯಾರ ಮಾತೂ ಕೇಳದೆ ತಾನೇ ಒಂದು ಸೀರೆ ಆರಿಸಿ ತಂದ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಹೆಣ್ಣು ಬೇರೆ ಯಾರೂ ಅಲ್ಲ, ಕೌಜಲಗಿಯ ಸೋದರಮಾವ ದುಂಡಪ್ಪನ ಮಗಳು ಗೌರವ್ವ. ಮುರಿಗೆಪ್ಪನಿಗೆ ಅವಳೆಂದರೆ ಪ್ರಾಣ. ನಿಶ್ಚಯಕ್ಕೆಂದು ಮಗಳೊಡನೆ ಕಲ್ಲೋಳಿಗೆ ಬಂದಿದ್ದ ಮಾವ, ಸೀರೆ ಬಿಚ್ಚಿಟ್ಟಾಗ "ಚಲೋ ಐತಿ" ಎಂದು ತಲೆಯನ್ನೂ ದೂಗಿದ. ಅಷ್ಟರಲ್ಲಿ ಕರೆಯದೆ ಬಂದು ಕೂತಿದ್ದ ಬಾಜೂಮನೆಯ ಮುದಕವ್ವ ಬಾಯಿ ಹಾಕಿದಳು.

"ಅಯ್ಯ ಶಿವನ! ಹಸರು ಸೀರಿ ಅಂದ್ರ ಮಣ್ಣಿನ ಬಣ್ಣದ್ದು ತಂದಾನಲ್ಲ! ಹುಡುಗನ ಕಣ್ಣಾಗ ಏನೋ ಐಬೈತಿ ನೋಡ್ರಿ."

ಹೆಂಗಸರು ಕಿಸಕ್ಕನೆ ನಕ್ಕರು. ದುಂಡಪ್ಪ ಸೀರೆಯನ್ನೊಮ್ಮೆ, ಹೆಂಗಸರನ್ನೊಮ್ಮೆ ನೋಡಿ ಎದ್ದು ನಿಂತ. "ನಿಮ್ಮ ವಂಶದಾಗ ಕಣ್ಣಿನ ಐಬು ಇದ್ರ ಮಗಳ್ನ ಕೊಡಂಗಿಲ್ಲ!"

ವಂಶದ ಮಾತು ಬಂದರೆ ಹೆಳವನನ್ನೇ ಕರೆಯಬೇಕು. ಎತ್ತಿನ ಮೇಲೆ ಊರೂರು ತಿರುಗಿ, ಮನೆತನಗಳ ಹೆಸರು ಹೇಳಿ ಕಾಳು ಪಡೆಯುವ ಹೆಳವರ ಲಕ್ಕಪ್ಪ ಪುಣ್ಯಕ್ಕೆ ಊರಲ್ಲೇ ಇದ್ದ. ಅವನ ಎತ್ತಿನ ಹಿಂದೆ ಸೈಕಲ್ ತಳ್ಳುತ್ತ ಗೋಕಾಕದ ಡಾಕ್ಟರೂ ಬಂದರು. ಯಾವ ಐಬು ಯಾವ ಮನೆತನದಲ್ಲಿ ಹೇಗೆ ಹರಿದು ಬರುತ್ತದೆಂದು ತಿಳಿಯುವ ಹುಚ್ಚಿಗೆ ಅವರು ಹುಕ್ಕೇರಿಯಿಂದ ಎಂಟು ದಿನ ಹೆಳವನ ಬೆನ್ನು ಬಿದ್ದಿದ್ದರು.

ಲಕ್ಕಪ್ಪ ಹೊತ್ತಿಗೆ ಬಿಚ್ಚಿ ರಾಗವಾಗಿ ಓದಿದ. ಮುರಿಗೆಪ್ಪ, ಅವನಪ್ಪ ಪರಪ್ಪ, ಅವನಪ್ಪ... "ಏಳು ತಲಿಮಾರಿನಾಗ ಕಣ್ಣಿನ ಐಬು ಇಲ್ರಿ!"

ಮುರಿಗೆಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಡಾಕ್ಟರ ದೃಷ್ಟಿ ಮಣ್ಣಿನ ಬಣ್ಣದ ಸೀರೆಯಿಂದ ಸರಿದು ಅವನ ಗದ್ದಕ್ಕೆ ತಗಲಿದ್ದ ಕ್ಷೌರದ ಗಾಯದ ಮೇಲೆ ಬಿತ್ತು.

"ರಕ್ತ ಎಷ್ಟೊತ್ತಿಗೆ ನಿಂತು?"

"ಚಿಟಕಿ ಅರಿಶಿಣ ಹಚ್ಚಿದೆ, ನಿಂತಬಿಡ್ತರಿ."

ಡಾಕ್ಟರ ಮುಖ ಸಪ್ಪಗಾಯಿತು. "ಛೇ! ಬಣ್ಣ ತಿಳೀದ ಕಣ್ಣು, ನಿಲ್ಲದ ರಕ್ತ, ಎರಡೂ ಐಬು ವಂಶದ ಒಂದ ಎಳಿ ಮ್ಯಾಲ ಬಾಜೂಬಾಜೂ ಕುಂತಿರ್ತಾವಂತ ವಿಲಾಯತಿಯೊಳಗ ಹೊಸದಾಗಿ ಕಂಡುಹಿಡಿದಾರ. ಒಂದ ನೊಗದ ಎತ್ತಿನಂಗ ಜೋಡೀಲೆ ಹೋಗೂ ಮನಿತನ ಹುಡುಕಾಕತ್ತೇನಿ. ನಿನ್ನ ಹತ್ರ ಒಂದ ಎತ್ತ ಅಷ್ಟ ಐತಿ, ಕಣ್ಣಿಂದು."

"ಐತಂದ್ರ? ಹೆಳವನ ಹೊತ್ತಿಗಿ ಸುಳ್ಳೇನ್ರಿ?" ದುಂಡಪ್ಪ ಗುಡುಗಿದ.

"ಸುಳ್ಳಲ್ರಿ. ಅದರಾಗ ಬರೇ ಗಂಡಸರ ಹೆಸರದಾವ. ಗಂಡಸರಿಗೆ ಈ ಐಬು ತಾಯಿ ಕಡಿಂದ ಬರ್ತೈತಿ. ತಾಯಿಯೊಳಗ ಅಡಗಿರ್ತೈತಿ, ಆಕಿ ಅಣ್ಣತಮ್ಮಂದಿರ ಕಣ್ಣಾಗ ಹೊರಬೀಳ್ತೈತಿ. ಇವನ ಸೋದರಮಾವ ಯಾರು?"

ಕೂತವರ ತಲೆಗಳೆಲ್ಲ ಒಮ್ಮೆಲೇ ದುಂಡಪ್ಪನ ಕಡೆ ತಿರುಗಿದವು.

"ನನ್ನ ಕಣ್ಣಿಗೇನಾಗೇತಿ? ಪರೀಕ್ಷಾ ಮಾಡ್ರಿ!"

ಡಾಕ್ಟರು ಚೀಲದಿಂದ ಬಣ್ಣಬಣ್ಣದ ಉಣ್ಣೆಯ ನೂಲು ಸುರಿದು, ಹಸಿರನ್ನಷ್ಟೇ ಆರಿಸಲು ಹೇಳಿದರು. ದುಂಡಪ್ಪ ಅಕ್ಕಿಯಲ್ಲಿ ಕಲ್ಲು ಹೆಕ್ಕುವವರಂತೆ ಬಗ್ಗಿ ಹೆಕ್ಕಿದ. ಹಸಿರು, ಕಂದು, ಬೂದು ಎಲ್ಲವನ್ನೂ ಒಂದೇ ಗುಡ್ಡೆ ಮಾಡಿ ಹೆಮ್ಮೆಯಿಂದ ಮೀಸೆ ತಿರುವಿದ. ಮುದಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುರಿಗೆಪ್ಪ ಕುಣಿಯುವುದೊಂದು ಬಾಕಿ. "ಮಾವಾ, ಐಬು ನಿಮ್ಮ ಕಡೀದು! ಇನ್ನ ಒಲ್ಲೆ ಅನ್ನಾಕ ಬರೂದಿಲ್ಲ!"

"ಆತಪಾ, ಕೊಟ್ಟೆ," ಎಂದ ದುಂಡಪ್ಪ, ತಲೆ ತಗ್ಗಿಸಿ.

ಆಗ ಬಾಗಿಲ ಮರೆಯಿಂದ ಗೌರವ್ವ ಕೇಳಿದಳು: "ಡಾಕ್ಟರ್ರೀ, ಇದು ನನ್ನೊಳಗೂ ಅಡಗೇತೇನ್ರಿ?"

"ಅಪ್ಪಗ ಇದ್ದ ಮ್ಯಾಲ ಮಗಳಿಗೆ ಬಂದ ಬರ್ತೈತವ್ವ! ನಿನ್ನ ಗಂಡುಮಕ್ಕಳಿಗೆ ಬರಬಹುದು. ಇವನ್ನ ಮದಿವ್ಯಾದ್ರ ಹೆಣ್ಣುಮಕ್ಕಳಿಗೂ ಬರಬಹುದು!" ಡಾಕ್ಟರು ಹಬ್ಬದ ಸುದ್ದಿ ಹೇಳುವವರಂತೆ ಹೇಳಿದರು.

"ಸಣ್ಣಾಕಿ ಇದ್ದಾಗಿಂದ ಅಪ್ಪಗ ಹಣ್ಣಮೆಣಸಿನಕಾಯಿ ಯಾವುದು, ಹಸಿಮೆಣಸಿನಕಾಯಿ ಯಾವುದಂತ ನಾನ ಹೇಳಾಕತ್ತೇನ್ರಿ. ಇನ್ನ ಗಂಡ, ಮಕ್ಕಳು, ಎಲ್ಲಾರಿಗೂ ನಾನ ಕಣ್ಣಾಗಬೇಕೇನು? ನಾ ಒಲ್ಲೆ."

ಅಪ್ಪ ಮಗಳು ಚಕ್ಕಡಿ ಹತ್ತಿ ಹೋದರು. ಮುರಿಗೆಪ್ಪ ಕಣ್ಣೊರೆಸಿಕೊಂಡು ಸೀರೆ ಮಡಚುತ್ತ ಕೂತ. ತಾಯಿ ಶಿವವ್ವ ಬಂದು ಪಕ್ಕದಲ್ಲಿ ಕೂತಳು.

"ಅಳಬ್ಯಾಡ ಮಗನ. ನಿಡಸೋಸಿಯಾಗ ನನ್ನ ತಮ್ಮ ಇಲ್ಲೇನು? ಅವನ ಮಗಳ್ನ ತರೂಣು."

ಅಂಗಳದಲ್ಲಿ ಸೈಕಲ್ ಹತ್ತುತ್ತಿದ್ದ ಡಾಕ್ಟರು ಗಕ್ಕನೆ ಇಳಿದು, ಚೀಲ ಹಿಡಿದುಕೊಂಡೇ ಒಳಗೆ ಓಡಿಬಂದರು.

"ಇನ್ನೊಬ್ಬ ತಮ್ಮ ಅದಾನೇನವ್ವ? ಅವಗ ಗಾಯಾದ್ರ ರಕ್ತ ನಿಲ್ಲತೈತೇನು?"