ಕೂರಬಾರದ ಕುರ್ಚಿ

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೊಕ್ಕರೆ ಮತ್ತೆ ತನ್ನ ಕುರ್ಚಿ ಹುಡುಕುತ್ತಿದ್ದ.

ದಿನವಿಡೀ ಕತ್ತು ಚಾಚಿ ಸೂಕ್ಷ್ಮದರ್ಶಕದಲ್ಲಿ ಪಾಚಿ ಎಣಿಸುವವನಾದ್ದರಿಂದ ಅವನಿಗೆ ಆ ಹೆಸರು. ಅಲ್ಲಿದ್ದ ಕುರ್ಚಿಗಳಲ್ಲಿ ಒಂದೇ ಒಂದು ಅವನ ಕಣ್ಣನ್ನು ಸರಿಯಾಗಿ ಮಸೂರದ ಎತ್ತರಕ್ಕೆ ಒಯ್ಯುತ್ತಿತ್ತು. ಬೇರೆ ಯಾವುದರಲ್ಲಿ ಕೂತರೂ ಸಂಜೆಗೆ ಸೊಂಟ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು.

ಕುರ್ಚಿ ಉಗ್ರಾಣದಲ್ಲಿ ಸಿಕ್ಕಿತು. ಉಗ್ರಾಣಿ ಅದರ ಮೇಲೆ ನಿಂತು ಬಲ್ಬು ಹಾಕುತ್ತಿದ್ದ.

"ಏನಣ್ಣ, ನನ್ನ ಕುರ್ಚಿ ಮೇಲೆ ಚಪ್ಪಲಿ ಕಾಲಲ್ಲಿ ನಿಂತಿದ್ದೀಯಲ್ಲ!"

"ನಿಂದು ಅಂತ ಬರೆದಿದೆಯೇನಯ್ಯ?"

ಬರೆದಿರಲಿಲ್ಲ. ಕೊಕ್ಕರೆ ಬರೆದ. ತನ್ನ ಹೆಸರನ್ನು ಯಾರೂ ಲೆಕ್ಕಿಸರೆಂದು ಗೊತ್ತಿತ್ತು; ಹಾಗಾಗಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಈ ಆಸನ ನಮ್ಮ ನಿವೃತ್ತ ನಿರ್ದೇಶಕರ ಸೇವಾಸ್ಮರಣೆಗೆ ಅರ್ಪಿತ’ ಎಂದು ಬರೆದು ಕುರ್ಚಿಯ ಬೆನ್ನಿಗೆ ಅಂಟಿಸಿದ. ಉಳಿದವರು ದೂರ ನಿಲ್ಲುತ್ತಾರೆ, ತಾನು ಸದ್ದಿಲ್ಲದೆ ಕೂರುತ್ತೇನೆ ಎಂಬುದು ಅವನ ಲೆಕ್ಕಾಚಾರ.

ಲೆಕ್ಕದ ಮೊದಲರ್ಧ ಸರಿಯಾಗಿತ್ತು.

"ಅಯ್ಯಯ್ಯೋ, ಏಳಪ್ಪ ಏಳು!" ಎಂದು ಟೈಪಿಸ್ಟ್ ಅಕ್ಕ ಕೂಗಿದಳು. "ಓದೋಕೆ ಬರಲ್ವಾ?"

"ನಾನೇ ಅಂಟಿಸಿದ್ದು ಅಕ್ಕ..."

"ಇನ್ನೂ ಚೆನ್ನಾಯ್ತು! ಅರ್ಪಿಸಿದೋನೇ ಕೂತುಬಿಟ್ರೆ ಅದೆಂಥ ಅರ್ಪಣೆ?"

ಚಪ್ಪಲಿಯ ಪಾಪಪ್ರಜ್ಞೆ ಕಾಡಿ ಉಗ್ರಾಣಿ ಕುರ್ಚಿಯನ್ನು ಎರಡು ಸಲ ಸೋಪಿನಲ್ಲಿ ತೊಳೆದ. ಮಧ್ಯಾಹ್ನಕ್ಕೆ ಸುತ್ತಲೂ ಕೆಂಪು ಹಗ್ಗ ಬಂತು. ಮುಖ್ಯಸ್ಥೆ ಬಂದವರು ರಟ್ಟು ಓದಿ ಕನ್ನಡಕ ಒರೆಸಿಕೊಂಡರು.

"ನಿಮ್ಮನ್ನ ಇಷ್ಟು ದಿನ ಬರೀ ಪಾಚಿ ಎಣಿಸೋರು ಅಂದ್ಕೊಂಡಿದ್ದೆ ಕಣ್ರೀ."

"ಮೇಡಂ, ನನ್ನ ಸೊಂಟ..."

"ವಿನಯ ಸಾಕು. ಸಾಹೇಬರಿಗೆ ಫೋನ್ ಮಾಡಿದ್ದೀನಿ, ಸಂಜೆ ಬರ್ತಾರೆ."

ಕುರ್ಚಿಯನ್ನು ಮರದ ಕಟ್ಟೆಯ ಮೇಲೇರಿಸಿದರು. ಜಾಗವಿದ್ದದ್ದು ಸೂಕ್ಷ್ಮದರ್ಶಕದ ಮೇಜಿನ ಎದುರಿಗೆ ಮಾತ್ರ. ಕೊಕ್ಕರೆಗೆ ಕಿಟಕಿಯ ಬಳಿಯ ಮೋಟು ಸ್ಟೂಲು ಸಿಕ್ಕಿತು. ಅದರಲ್ಲಿ ಕೂತರೆ ಅವನ ಗಲ್ಲ ಮೇಜಿನ ಅಂಚಿಗೆ ಬರುತ್ತಿತ್ತು. ತಟ್ಟೆಯಲ್ಲಿಟ್ಟ ತಲೆಯಂತೆ ಕಾಣುತ್ತಿದ್ದ.

ನಿವೃತ್ತ ನಿರ್ದೇಶಕರು ಬಂದರು. ಕುರ್ಚಿಯನ್ನು ಒಂದು ಸುತ್ತು ಹಾಕಿ, ಹುಬ್ಬು ಗಂಟಿಕ್ಕಿದರು.

"ಇದು ನನ್ನ ಕುರ್ಚಿ ಅಲ್ವಲ್ರೀ. ನಾನು ಯಾವತ್ತೂ ಇದರಲ್ಲಿ ಕೂತೇ ಇಲ್ಲ."

ಕೊಕ್ಕರೆಯ ಎದೆ ಹಗುರಾಯಿತು. ಕೈ ಆಗಲೇ ಹಗ್ಗದ ಗಂಟಿನ ಮೇಲಿತ್ತು.

"ಬೆಳಕು ಚೆನ್ನಾಗಿದೆ ಅಂತ ನಾನು ಕಿಟಕಿ ಹತ್ರ, ಅದೋ, ಆ ಸ್ಟೂಲ್ ಮೇಲೇ ಕೂರ್ತಿದ್ದೆ."

ಎಲ್ಲರೂ ಸ್ಟೂಲಿನತ್ತ ತಿರುಗಿದರು. ಉಗ್ರಾಣಿ ಸೋಪು ತರಲು ಓಡಿದ.

"ಹಾಗಾದ್ರೆ ಈ ಕುರ್ಚಿ ನಾನು ತಗೋಬಹುದಲ್ವಾ?" ಎಂದ ಕೊಕ್ಕರೆ.

"ಅರ್ಪಿಸಿದ್ಮೇಲೆ ಅದು ಮತ್ತೆ ಕುರ್ಚಿ ಆಗುತ್ತೇನೋ?" ಎಂದಳು ಅಕ್ಕ. ಮುಖ್ಯಸ್ಥೆ ತಲೆಯಾಡಿಸಿ, "ಎರಡೂ ಇರಲಿ, ಅಕ್ಕಪಕ್ಕ. ನಿಮಗೆ ಹೊಸದನ್ನ ಮುಂದಿನ ವರ್ಷ ನೋಡೋಣ," ಎಂದರು.

ಅಂದಿನಿಂದ ಕೊಕ್ಕರೆ ನಿಂತೇ ಪಾಚಿ ಎಣಿಸುತ್ತಾನೆ. ಬಂದವರಿಗೆಲ್ಲ ಮುಖ್ಯಸ್ಥೆ ಬಾಗಿಲಲ್ಲೇ ಪಿಸುಗುಡುತ್ತಾರೆ: "ನೋಡಿ, ಆ ಆಸನಗಳ ಮುಂದೆ ದಿನವಿಡೀ ಹೇಗೆ ತಲೆಬಾಗಿ ನಿಂತಿರ್ತಾರೆ!"

ನಿಂತಾಗ ಅವನ ಕಣ್ಣು ನೆಲದಿಂದ ನೂರ ಐವತ್ತೆಂಟು ಸೆಂಟಿಮೀಟರ್ ಎತ್ತರದಲ್ಲಿದೆ, ಮಸೂರ ನೂರ ಹದಿನೇಳರಲ್ಲಿ. ಅವನ ಭಕ್ತಿ ನಲವತ್ತೊಂದು ಸೆಂಟಿಮೀಟರ್.